ಗುಡ್ಡದ ಕಡೆಯ ಲೈನು

ಮಾರ್ಚ್ 3

ತಮ್ಮನಿಗೆ,

'ಪ್ರೀತಿಯ ಕಡ್ಡಿಗೆ' ಅಂತ, ನಿನ್ನ ಚಿಕ್ಕಂದಿನ ಹೆಸರಿನಿಂದಲೇ ಬರೆಯೋಕೆ ಹೋದೆ, ಕೈ ಬರಲಿಲ್ಲ. 'ಇಲ್ಲಿ ಎಲ್ಲರೂ ಕ್ಷೇಮ' ಅಂತ ಬರೆಯೋಕಂತೂ ಆಗಲ್ಲ. ನೀನು ಫೋನ್ ಮಾಡ್ತಾನೇ ಇದ್ದೀಯ, ನಾನು ಎತ್ತುತ್ತಿಲ್ಲ. ಎತ್ತಿದರೆ ಏನಾಗುತ್ತೆ ಅಂತ ಇಬ್ಬರಿಗೂ ಗೊತ್ತು. ನಾನು ಕಿರುಚ್ತೀನಿ, ನೀನು ತಣ್ಣಗೆ ವಿವರಣೆ ಕೊಡ್ತೀಯ, ಕೊನೆಗೆ ಕಿರುಚಿದವಳದೇ ತಪ್ಪು ಅನ್ನೋ ಹಾಗಾಗುತ್ತೆ. ಚಿಕ್ಕಂದಿನಿಂದ ಹಾಗೇ. ಅದಕ್ಕೇ ಬರೀತಿದ್ದೀನಿ. ಕಾಗದದ ನಡುವೆ ಬಾಯಿ ಹಾಕೋಕೆ ನಿನಗೆ ಆಗಲ್ಲ.

ಚಿಕ್ಕಮ್ಮ ಬದುಕಿದ್ದಾಳೆ. ಬಲಗೈ ಪೂರ್ತಿ ಬಿದ್ದುಹೋಗಿದೆ. ಬಲಗಾಲು ಎಳೀತಾಳೆ. ಮಾತು ಅರ್ಧ ಬಾಯೊಳಗೇ ಉಳಿಯುತ್ತೆ. ಪಾರ್ಶ್ವವಾಯುವಿಗೆ ಒಂದು ಇಂಜೆಕ್ಷನ್ ಇದೆಯಂತೆ, ಬೇಗ ಕರ್ಕೊಂಡು ಬಂದಿದ್ದರೆ ಕೊಡಬಹುದಿತ್ತು, ಈಗ ಹೊತ್ತು ಮೀರಿದೆ ಅಂದರು ಡಾಕ್ಟರು. ಅಮ್ಮ ಹೋದ ಮೇಲೆ ಆ ಕೈಯಿಂದ ಊರವರ ಬಟ್ಟೆ ಹೊಲಿದು ನಮ್ಮಿಬ್ಬರನ್ನೂ ಓದಿಸಿದವಳು. ಆ ಕೈಯನ್ನ ಈಗ ಎಡಗೈಯಿಂದ ಎತ್ತಿ ತೊಡೆ ಮೇಲೆ ಇಟ್ಕೋತಾಳೆ, ಬೇರೆ ಯಾರದೋ ಸಾಮಾನು ಅನ್ನೋ ಹಾಗೆ.

ಯಾಕೆ ಹೊತ್ತು ಮೀರಿತು ಅಂತ ನಿನಗೆ ಗೊತ್ತು. ಆದರೂ ಬರೀತೀನಿ, ಓದು. ಅವತ್ತು ಕಂಟ್ರೋಲ್ ರೂಮಿನಲ್ಲಿ ಪಾಳಿ ನನ್ನದೇ. ಆಂಬುಲೆನ್ಸ್ ಬೇಕು ಅಂತ ಊರಿನ ಯಾವ ಮೂಲೆಯಿಂದ ಕೂಗಿದರೂ ಅದು ಬಂದು ಬೀಳೋದು ನಮ್ಮ ಮೇಜಿಗೆ. ಹಳೆ ಲೈನುಗಳನ್ನ ಪಕ್ಕಕ್ಕೆ ತಳ್ಳಿ, ನಿಮ್ಮ ಕಂಪನಿ ಊರಿಗೆಲ್ಲ ಈಥರ್ನೆಟ್ ಅನ್ನೋ ಹೊಸ ಕೇಬಲ್ ಎಳೆದು, ರಿಬ್ಬನ್ ಕತ್ತರಿಸಿ, ಭಾಷಣ ಮಾಡಿ ಹೋಗಿ ಇನ್ನೂ ವಾರ ತುಂಬಿರಲಿಲ್ಲ. ಮಧ್ಯಾಹ್ನದ ಊಟ ಮುಗಿದಾಗಿಂದ ದೀಪ ಹಚ್ಚೋ ಹೊತ್ತಿನವರೆಗೆ ಗುಡ್ಡದ ಕಡೆಯ ಬಡಾವಣೆಗಳಿಂದ ಒಂದು ಕರೆಯೂ ಬರಲಿಲ್ಲ. ಪರದೆ ನೋಡಿದೆ. ಗುಡ್ಡದ ಕಡೆಯ ಲೈನಿನ ಎದುರಿಗೆ ಹಸಿರು ಚುಕ್ಕಿ ಇತ್ತು. ನೀನೇ ಬಂದು ನಮಗೆಲ್ಲ ಪಾಠ ಮಾಡಿದ್ದೆಯಲ್ಲ, ಹಸಿರಿದ್ದರೆ ಚಿಂತೆ ಬೇಡ ಅಂತ. ಚಿಂತೆ ಮಾಡಲಿಲ್ಲ.

ಆ ಹೊತ್ತಿನಲ್ಲಿ ಚಿಕ್ಕಮ್ಮ ಗುಡ್ಡದ ಕಡೆಯ ತನ್ನ ಹೊಲಿಗೆ ಅಂಗಡಿಯ ನೆಲದ ಮೇಲೆ ಬಿದ್ದಿದ್ದಳು. ಪಕ್ಕದ ಇಸ್ತ್ರಿ ಅಂಗಡಿಯಾಕೆ ಮೇಲಿಂದ ಮೇಲೆ ಫೋನ್ ಮಾಡಿದಳಂತೆ. ರಿಂಗ್ ಆಗ್ತಾನೇ ಇತ್ತಂತೆ. ನನ್ನ ಮೇಜಿನ ಮೇಲೆ ಸದ್ದೇ ಇಲ್ಲ. ಕೊನೆಗೆ ಸಿಮೆಂಟ್ ಸಾಗಿಸೋ ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಅವಳ ಕೂದಲಿನಿಂದ ಸಿಮೆಂಟಿನ ಧೂಳು ತೆಗೆದಿದ್ದು ನಾನು.

ನೋಡೋಕೆ ಬರಬೇಡ. ನಿನ್ನ ಮುಖ ನೋಡೋ ತಾಳ್ಮೆ ನನಗಿಲ್ಲ.

ಅಕ್ಕ


ಮಾರ್ಚ್ 10

ಅಕ್ಕಾ,

ಓದಿದೆ. ಎಷ್ಟು ಸಲ ಓದಿದೆ ಅಂತ ಕೇಳಬೇಡ. ಅವಳು ನಿನಗೆ ಮಾತ್ರ ಚಿಕ್ಕಮ್ಮ ಅಲ್ಲ. ನೋಡೋಕೆ ಬರಬೇಡ ಅನ್ನೋ ಹಕ್ಕು ನಿನಗೆ ಯಾರು ಕೊಟ್ಟರು?

ನೀನು ಕೇಳದಿದ್ದರೂ ಏನಾಯ್ತು ಅಂತ ಹೇಳ್ತೀನಿ, ಯಾಕೆಂದರೆ ಎಲ್ಲರೂ ಈಥರ್ನೆಟ್ ಮೇಲೆ ಹರಿಹಾಯ್ತಿದ್ದಾರೆ. ಹಳೆ ಲೈನೇ ಚೆನ್ನಾಗಿತ್ತು ಅಂತಾರೆ. ಚೆನ್ನಾಗಿರಲಿಲ್ಲ. ಅದರ ಬಿಡಿಭಾಗ ಮಾಡೋರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಯ್ತು. ಮಾತು ಬಿಟ್ಟು ಬೇರೇನೂ ಅದರಲ್ಲಿ ಹೋಗ್ತಿರಲಿಲ್ಲ. ಆಂಬುಲೆನ್ಸ್ ಎಲ್ಲಿದೆ ಅಂತ ನಕ್ಷೆ ಮೇಲೆ ನೋಡಬೇಕು, ರೋಗಿಯ ಎದೆಬಡಿತದ ಗೆರೆ ದಾರಿಯಲ್ಲೇ ಆಸ್ಪತ್ರೆಗೆ ಕಾಣಬೇಕು ಅಂದರೆ ಅಗಲವಾದ ದಾರಿ ಬೇಕು. ನೀನೇ ಅದನ್ನ ಕೇಳ್ತಿದ್ದೆ.

ಈಥರ್ನೆಟ್ ಹುಟ್ಟಿದ್ದು ಒಂದು ಕಟ್ಟಡದೊಳಗಿನ ಕಂಪ್ಯೂಟರುಗಳನ್ನ ಜೋಡಿಸೋಕೆ. ಅಲ್ಲಿ ತಂತಿಯ ಎರಡೂ ತುದಿ ಕಣ್ಣೆದುರಿಗೇ ಇರುತ್ತೆ. ತಂತಿ ತುಂಡಾದರೆ ದೀಪ ಆರುತ್ತೆ, ಅಷ್ಟೇ. ಅದನ್ನೇ ಬಡಾವಣೆಯಿಂದ ಬಡಾವಣೆಗೆ, ಊರಿಂದ ಊರಿಗೆ ಎಳೆದಾಗ ನಡುವೆ ಕರೆಯನ್ನ ಮುಂದಕ್ಕೆ ದಾಟಿಸೋ ಬೇರೆಯವರ ಪೆಟ್ಟಿಗೆಗಳು ಬರುತ್ತವೆ. ಗುಡ್ಡದ ಕಡೆ ನಮ್ಮದೊಂದು ಪೆಟ್ಟಿಗೆ ಇದೆ. ಅದರ ದೀಪ ಹೇಳೋದು ಪಕ್ಕದ ಪೆಟ್ಟಿಗೆವರೆಗಿನ ಸುದ್ದಿ ಮಾತ್ರ. ಅವತ್ತು ರಸ್ತೆ ಅಗೆಯೋರು ಕೇಬಲ್ ಕಡಿದಿದ್ದು ಅದರಾಚೆ. ಪೆಟ್ಟಿಗೆಗೆ ಅದು ತಿಳಿಯಲೇ ಇಲ್ಲ. ಕರೆ ತಗೊಂಡಿತು, ಕರೆ ಮಾಡಿದವರಿಗೆ ರಿಂಗ್ ಸದ್ದನ್ನ ತಾನೇ ಕೇಳಿಸಿತು, ಕರೆಯನ್ನ ಸತ್ತ ದಾರಿಗೆ ನೂಕಿತು. ಚಿಕ್ಕಮ್ಮನ ಮೆಷಿನ್ನಿನಲ್ಲಿ ಕೆಳಗಿನ ಬಾಬಿನ್‌ನಲ್ಲಿ ದಾರ ಮುಗಿದರೂ ಮೇಲೆ ಸೂಜಿ ಕುಣೀತಾನೇ ಇರುತ್ತಲ್ಲ, ಹಾಗೆ.

ಇದಕ್ಕೆ ಮದ್ದಿಲ್ಲ ಅಂತಲ್ಲ. ಎರಡು ತುದಿಯ ಪೆಟ್ಟಿಗೆಗಳೂ ಕ್ಷಣಕ್ಷಣಕ್ಕೂ ಒಂದನ್ನೊಂದು 'ಇದ್ದೀಯಾ' ಅಂತ ಕೇಳ್ತಿರಬೇಕು. ಉತ್ತರ ಬರದಿದ್ದರೆ ಕರೆಗಳು ತಾವಾಗಿ ಹಳೆ ಲೈನಿಗೆ ಹೊರಳುತ್ತವೆ. ಅದನ್ನ ನಾನು ಹಾಕಿದ್ದೆ. ನಡುವಿನ ಪೆಟ್ಟಿಗೆಗಳು ಆ ಪ್ರಶ್ನೆಯನ್ನ ಆಗಾಗ ನುಂಗಿಹಾಕ್ತಿದ್ದವು, ಅದರಿಂದ ಸುಮ್ಮಸುಮ್ಮನೆ ಅಪಾಯದ ಗಂಟೆ ಹೊಡೀತಿತ್ತು. ಸರಿಮಾಡೋಕೆ ಸಮಯ ಕೇಳಿದೆ. ಉದ್ಘಾಟನೆಯ ದಿನ ಗೊತ್ತಾಗಿಬಿಟ್ಟಿತ್ತು. ಅದಕ್ಕೇ ಆ ಪರೀಕ್ಷೆಯನ್ನ ತಾತ್ಕಾಲಿಕವಾಗಿ ಆಫ್ ಮಾಡಲಾಯಿತು.

ನಾನು ಹೇಳಿದ್ದೆ ಅಕ್ಕಾ. ಕೇಳಲಿಲ್ಲ. ಇನ್ನೇನು ಮಾಡಬೇಕಿತ್ತು?

ನಿನ್ನ ತಮ್ಮ


ಮಾರ್ಚ್ 15

ತಮ್ಮನಿಗೆ,

'ಆಫ್ ಮಾಡಲಾಯಿತು.'

ಯಾರು ಮಾಡಿದ್ದು? ಯಾರ ಬೆರಳು? ನಮ್ಮ ಕಂಟ್ರೋಲ್ ರೂಮಿನಲ್ಲಿ ಒಬ್ಬ ಹುಡುಗಿ ಆಂಬುಲೆನ್ಸನ್ನ ತಪ್ಪು ಬೀದಿಗೆ ಕಳಿಸಿದರೆ 'ಕಳಿಸಲಾಯಿತು' ಅಂತ ಬರೆಯೋಕೆ ನಾನು ಬಿಡಲ್ಲ. ಹೆಸರು ಹಾಕು ಅಂತೀನಿ. ಇಷ್ಟುದ್ದ ಕಾಗದದಲ್ಲಿ ಪೆಟ್ಟಿಗೆ ಕೇಳಿಸಿತು, ಪೆಟ್ಟಿಗೆ ನೂಕಿತು, ಪೆಟ್ಟಿಗೆ ನುಂಗಿತು. ಮನುಷ್ಯರೇ ಇಲ್ಲ ನಿನ್ನ ಕಥೆಯಲ್ಲಿ.

ಚಿಕ್ಕಮ್ಮನ ಮೆಷಿನ್ನಿನ ಹೋಲಿಕೆ ಕೊಡೋಕೆ ನಿನಗೆ ಹೇಗೆ ಮನಸ್ಸು ಬಂತು? ಆ ಮೆಷಿನ್ನಿಗೆ ಈಗ ಬಟ್ಟೆ ಮುಚ್ಚಿದೆ.

ಅವಳು ನನ್ನ ಹತ್ತಿರ ಮಾತಾಡಲ್ಲ. ಬಾಯಿ ಬರಲ್ಲ ಅಂತ ಅಂದ್ಕೊಂಡಿದ್ದೆ. ಆದರೆ ಇಸ್ತ್ರಿ ಅಂಗಡಿಯಾಕೆ ಬಂದರೆ ತೊದಲುತ್ತಾ ಏನೋ ಹೇಳ್ತಾಳೆ. ನಾನು ಒಳಗೆ ಕಾಲಿಟ್ಟರೆ ಗೋಡೆ ಕಡೆ ತಿರುಗ್ತಾಳೆ. ರಕ್ತದೊತ್ತಡ ಏರುತ್ತೆ, ಅವತ್ತಿನ ಸುದ್ದಿ ಎತ್ತಬೇಡಿ ಅಂದಿದ್ದಾರೆ ಡಾಕ್ಟರು. ನಾನೂ ಎತ್ತಿಲ್ಲ. ಹಾಲು ಕುಡಿಸ್ತೀನಿ, ಬಾಯಿ ಒರೆಸ್ತೀನಿ, ಬರ್ತೀನಿ.

ಹೇಳಿದ್ದೆ ಅಂತೀಯ. ಹೇಳಿ, ಆಮೇಲೆ? ಸಂಬಳ ನಿಂತಿತಾ? ಇಲ್ಲ ತಾನೇ.

ಅಕ್ಕ


ಏಪ್ರಿಲ್ 22

ತಮ್ಮ ಅನ್ನಿಸಿಕೊಂಡವನಿಗೆ,

ನಿಮ್ಮ ಕಂಪನಿಯ ವರದಿ ನಮ್ಮ ಮೇಲಧಿಕಾರಿಗಳ ಮೇಜಿಗೆ ಬಂದಿದೆ. ನನ್ನನ್ನ ಕರೆದು, ಎದುರಿಗೆ ಕೂರಿಸಿ, ಒಂದು ಧ್ವನಿಮುದ್ರಿಕೆ ಹಾಕಿದರು. ಅವತ್ತು ಮಧ್ಯಾಹ್ನ ಕಂಟ್ರೋಲ್ ರೂಮಿನಲ್ಲಿ ನಾನು ಆಡಿದ ಮಾತು. "ಏನ್ರೇ, ಇವತ್ತು ಗುಡ್ಡದ ಕಡೆಯೋರೆಲ್ಲ ಗಟ್ಟಿಮುಟ್ಟಾಗಿದ್ದಾರೆ. ಒಬ್ಬರಿಗೂ ನಾವು ಬೇಡವಂತೆ." ಆಮೇಲೆ ನಗು. ನನ್ನದೇ ನಗು ಎಲ್ಲರಿಗಿಂತ ಜೋರು.

ನನ್ನ ಮೊದಲ ಕಾಗದದಲ್ಲಿ ಇದನ್ನ ಬರೆದಿರಲಿಲ್ಲ. ಬರೆಯೋಕೆ ಆಗಿರಲಿಲ್ಲ. ಆ ಮಾತು ಆಡಿದ ಹೊತ್ತಿಗೆ ಅವಳು ನೆಲದ ಮೇಲಿದ್ದಳು ಅನ್ನೋದನ್ನ ನುಂಗಿಕೊಂಡು ದಿನ ದೂಡ್ತಿದ್ದೆ. ಈಗ ಕಚೇರಿಯ ಜವಾನನಿಂದ ಹಿಡಿದು ಎಲ್ಲರೂ ಕೇಳಿದ್ದಾರೆ.

ವರದಿ ಹೇಳೋದೇನು ಅಂದರೆ, ಕರೆ ಬರ್ತಿಲ್ಲ ಅನ್ನೋದು ಸಿಬ್ಬಂದಿಯ ಗಮನಕ್ಕೆ ಬಂದಿತ್ತು, ಆದರೂ ತಮಾಷೆ ಮಾಡ್ಕೊಂಡು ಕೂತಿದ್ದರು, ಮೇಲ್ವಿಚಾರಕಿಯ, ಅಂದರೆ ನನ್ನ, ನಿರ್ಲಕ್ಷ್ಯವೇ ಮುಖ್ಯ ಕಾರಣ. ನಿಮ್ಮ 'ಇದ್ದೀಯಾ' ಪರೀಕ್ಷೆ ಆಫ್ ಆಗಿತ್ತು ಅನ್ನೋದರ ಬಗ್ಗೆ ಒಂದು ಸಾಲೂ ಇಲ್ಲ. ಎಷ್ಟು ಅಚ್ಚುಕಟ್ಟಾಗಿ ನನ್ನ ತಲೆ ಮೇಲೆ ಗೂಬೆ ಕೂರಿಸಿದ್ದೀರಿ.

ನನ್ನನ್ನ ಫೋನಿನ ಮೇಜಿನಿಂದ ಎಬ್ಬಿಸಿ ಉಗ್ರಾಣಕ್ಕೆ ಹಾಕಿದ್ದಾರೆ. ಸ್ಟ್ರೆಚರಿನ ಹರಿದ ಬೆಲ್ಟುಗಳನ್ನ ಬೇರೆ ಮಾಡೋ ಕೆಲಸ. ನಿವೃತ್ತ ನ್ಯಾಯಾಧೀಶೆಯೊಬ್ಬರ ಎದುರು ಮುಂದಿನ ತಿಂಗಳು ವಿಚಾರಣೆ.

ನಮ್ಮ ಮೇಜುಗಳ ಧ್ವನಿಮುದ್ರಿಕೆ ಹೊರಗಿನವರಿಗೆ ಸಿಗಲ್ಲ. ಅದನ್ನ ತೆಗೆಯೋ ಅನುಮತಿ ಇದ್ದಿದ್ದು ಹೊಸ ನೆಟ್‌ವರ್ಕ್ ಕೂರಿಸಿದ ಎಂಜಿನಿಯರಿಗೆ. ಒಂದೇ ಪ್ರಶ್ನೆ. ನೀನಾ?

ಸಹಿ ಹಾಕೋಕೆ ಮನಸ್ಸಿಲ್ಲ. ಯಾರು ಅಂತ ಗೊತ್ತಲ್ಲ.


ಏಪ್ರಿಲ್ 27

ಅಕ್ಕಾ,

ನಾನೇ.

ಕೊಟ್ಟಿದ್ದು ಯಾಕೆ ಅಂತ ಕೇಳು. ಲೈನು ಸತ್ತಿದ್ದು ಯಾವಾಗ ಅಂತ ಗೊತ್ತುಮಾಡಬೇಕಿತ್ತು. ಗುಡ್ಡದ ಕಡೆಯ ಕೊನೆಯ ಕರೆ ಯಾವುದು, ಸಂಜೆ ಮತ್ತೆ ಬಂದ ಮೊದಲ ಕರೆ ಯಾವುದು ಅಂತ ನೋಡೋಕೆ ಅವತ್ತಿನದನ್ನೆಲ್ಲ ತೆಗೆದು ಮ್ಯಾನೇಜರಿಗೆ ಕೊಟ್ಟೆ. ಪರೀಕ್ಷೆ ಆಫ್ ಮಾಡಿಸಿದ್ದು ಎಂಥ ಅನಾಹುತ ಅಂತ ಅವರ ಮುಖಕ್ಕೆ ಹಿಡಿಯೋ ಉದ್ದೇಶ ನನ್ನದು. ಅವರು ಅದರೊಳಗೆ ನಿನ್ನ ನಗುವನ್ನ ಹುಡುಕಿ ತೆಗೆದರು. ನಾನು ಪೂರ್ತಿ ಕೇಳಿಸ್ಕೊಂಡಿರಲಿಲ್ಲ. ಕೇಳಿಸ್ಕೊಂಡಿದ್ದರೆ ಕೊಡ್ತಿರಲಿಲ್ಲ ಅಂತ ಬರೆದರೆ ನೀನು ನಂಬಲ್ಲ. ನಂಬಬೇಡ.

ಮೊನ್ನೆ ಅವರ ಕೋಣೆಗೆ ನುಗ್ಗಿದೆ. "ಅವಳು ನನ್ನ ಅಕ್ಕ ಸಾರ್" ಅಂದೆ. "ಗೊತ್ತಪ್ಪ, ಅದಕ್ಕೇ ನಿನ್ನನ್ನ ವರದಿಯಿಂದ ಪೂರ್ತಿ ಹೊರಗಿಟ್ಟಿದ್ದೀನಿ. ನಿನಗೆ ಮಾಡಿದ ಉಪಕಾರ ಅಂತ ತಿಳ್ಕೋ" ಅಂದರು. ಉಪಕಾರವಂತೆ. ಮೈಯೆಲ್ಲ ಉರಿದುಹೋಯ್ತು. ನಾನು ಗಟ್ಟಿಯಾಗಿ ಮಾತಾಡೋನಲ್ಲ ಅಂತ ನೀನು ಯಾವಾಗಲೂ ಹೀಯಾಳಿಸ್ತಿದ್ದೆಯಲ್ಲ, ಅವತ್ತು ನನ್ನ ಗಂಟಲು ಕೆಳಗಿನ ಮಹಡಿಗೂ ಕೇಳಿಸಿತಂತೆ. ಅದರಿಂದ ಏನೂ ಆಗಲಿಲ್ಲ. ನೀರು ಕುಡಿ ಅಂತ ಲೋಟ ಮುಂದೆ ತಳ್ಳಿದರು.

ವಿಚಾರಣೆಗೆ ಕಂಪನಿ ಪರವಾಗಿ ಸಾಕ್ಷಿ ಹೇಳೋಕೆ ನನ್ನನ್ನೇ ಕಳಿಸ್ತಿದ್ದಾರೆ. ಏನು ಹೇಳಬೇಕು ಅಂತ ಬರೆದೂ ಕೊಟ್ಟಿದ್ದಾರೆ.

ಬರ್ತೀನಿ. ಅಲ್ಲಿ ನೋಡು.

ಕಡ್ಡಿ


ಮೇ 6

ಇಬ್ಬರಿಗೂ,

ಎಡಗೈ. ಅಕ್ಷರ ಕೋಳಿ ಕೆದಕಿದ ಹಾಗಿದೆ. ಓದ್ಕೊಳ್ಳಿ. ಎರಡು ಸಲ ಬರೆಯೋ ಶಕ್ತಿ ಇಲ್ಲ. ಒಬ್ಬರು ಓದಿ ಇನ್ನೊಬ್ಬರಿಗೆ ಕಳಿಸಿ.

ನನ್ನ ಕೈಗಾಗಿ ನೀವಿಬ್ಬರು ಮಾತು ಬಿಟ್ಟಿದ್ದೀರಂತೆ. ನನ್ನನ್ನ ಒಂದು ಮಾತು ಕೇಳಿದಿರಾ. ಕೈ ನನ್ನದು. ಸಿಟ್ಟು ನಿಮ್ಮದಾ.

ಅವತ್ತು ಏನಾಯ್ತು ಅಂತ ಯಾರೂ ಹೇಳಲ್ಲ. ಬಾಯಿ ಸೊಟ್ಟಗಾದರೆ ತಲೆಯೂ ಕೆಟ್ಟಿತು ಅಂದ್ಕೊಂಡಿದ್ದೀರಾ. ನನಗೂ ಸಿಟ್ಟಿದೆ. ಯಾರ ಮೇಲೆ ಅಂತ ಈಗ ಹೇಳಲ್ಲ.

ವಿಚಾರಣೆಗೆ ನಾನು ಬರ್ತೀನಿ. ಕರ್ಕೊಂಡು ಹೋಗದಿದ್ದರೆ ತೆವಳ್ಕೊಂಡು ಬರ್ತೀನಿ.

ಚಿಕ್ಕಮ್ಮ


ಮೇ 21

ತಮ್ಮನಿಗೆ,

ಅವತ್ತು ನೀನು ಸಾಕ್ಷಿ ಹೇಳಿ, ಕೊರಳಿನ ಬ್ಯಾಡ್ಜ್ ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದೆ. ನಾನು ಹೊರಗೆ ಬಂದು ನೋಡೋ ಹೊತ್ತಿಗೆ ಬಸ್ಸೇ ಹತ್ತಿಬಿಟ್ಟಿದ್ದೆಯಂತೆ. ಆಮೇಲೆ ನಡೆದಿದ್ದು ನಿನಗೆ ಗೊತ್ತಾಗಬೇಕು.

ಮೊದಲು ಒಂದು ಮಾತು. "ಆ ಪರೀಕ್ಷೆಯನ್ನ ಆಫ್ ಮಾಡಿದ್ದು ನಾನು. ಮಾಡು ಅಂದಿದ್ದು ಇಲ್ಲೇ ಕೂತಿರೋ ನಮ್ಮ ಮ್ಯಾನೇಜರು. ಸಮಯ ಕೊಟ್ಟಿದ್ದರೆ ಸರಿಮಾಡಬಹುದಿತ್ತು, ಸರಿಯಾಗೋವರೆಗೆ ಕರೆಗಳನ್ನ ಹಳೆ ಲೈನಿನಲ್ಲೇ ಬಿಡಬಹುದಿತ್ತು. ಬಿಡಲಿಲ್ಲ. ಕಂಟ್ರೋಲ್ ರೂಮಿನವರಿಗೆ ಹಸಿರು ಅಂದರೆ ಲೈನು ಚೆನ್ನಾಗಿದೆ ಅಂತ ಪಾಠ ಮಾಡಿದವನೂ ನಾನೇ. ಅವರು ನಂಬಿದರು. ಕರೆ ಮಾಡಿದವರಿಗೆ ಕೇಳಿದ ರಿಂಗು ಪೆಟ್ಟಿಗೆಯದು, ಕಂಟ್ರೋಲ್ ರೂಮಿಗೆ ಕರೆ ತಲುಪಲೇ ಇಲ್ಲ" ಅಂದೆಯಲ್ಲ, ಆಗ ಅವರು ಬರೆದುಕೊಟ್ಟ ಕಾಗದ ನಿನ್ನ ಕೈಯಲ್ಲಿ ಮಡಚಿದ ಹಾಗೇ ಇತ್ತು. ನೋಡಿದೆ. ಇದರಿಂದ ನನ್ನ ಸಿಟ್ಟು ಇಳೀತು ಅಂತ ತಿಳ್ಕೋಬೇಡ. ಇದನ್ನ ಮಾರ್ಚಿನಲ್ಲೇ ಹೇಳಬಹುದಿತ್ತು.

ನೀನು ಹೋದ ಮೇಲೆ ನಿಮ್ಮ ಮ್ಯಾನೇಜರು ಎದ್ದರು. ಹುಡುಗ ಭಾವುಕನಾಗಿದ್ದಾನೆ, ಸ್ವಂತ ಅಕ್ಕ ನೋಡಿ ಅಂದರು. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, "ಅಮ್ಮಾ, ನಿಮಗಾದ ಅನಾನುಕೂಲಕ್ಕೆ ನಮಗೂ ವಿಷಾದವಿದೆ" ಅಂದರು.

ಚಿಕ್ಕಮ್ಮ ಕುರ್ಚಿಯ ಹಿಡಿ ಒತ್ತಿಕೊಂಡು ಎದ್ದಳು. ನಾನು ಹಿಡಿಯೋಕೆ ಹೋದರೆ ಮೊಣಕೈಯಿಂದ ತಳ್ಳಿದಳು.

"ಅನಾನುಕೂಲ ಅಲ್ಲ. ಕೈ" ಅಂದಳು.

ನ್ಯಾಯಾಧೀಶೆ "ನಿಧಾನವಾಗಿ ಹೇಳಿ ಅಮ್ಮಾ, ಅವಸರವಿಲ್ಲ" ಅಂದರು. ಒಂದೊಂದು ಮಾತಿಗೂ ಬಾಯಿ ಒರೆಸಿಕೊಳ್ತಾ ಹೇಳಿದಳು. ಅವಳು ಹೇಳಿದ್ದನ್ನ ಹಾಗೇ ಬರೀತೀನಿ.

"ನಾನು ನೆಲದ ಮೇಲಿದ್ದೆ. ಪಕ್ಕದವಳು ಫೋನನ್ನ ನನ್ನ ಕಿವಿ ಹತ್ತಿರವೇ ಹಿಡಿದಿದ್ದಳು. ರಿಂಗ್ ಆಗ್ತಿತ್ತು. ಆ ಹೊತ್ತು ಪಾಳಿ ನನ್ನ ಹುಡುಗೀದು ಅಂತ ನನಗೆ ಗೊತ್ತಿತ್ತು. ಎತ್ತುತ್ತಾಳೆ ಅಂತ ಕಾದೆ. ಎತ್ತಲಿಲ್ಲ. ಮತ್ತೆ ಮಾಡಿದಳು, ಮತ್ತೆ ರಿಂಗ್. ಎತ್ತಲಿಲ್ಲ. ಕೆಲಸದಲ್ಲಿ ಕೂತು ಹರಟೆ ಹೊಡೀತಿದ್ದಾಳೆ ಅಂದ್ಕೊಂಡೆ. ಇಷ್ಟು ದಿನವೂ ಹಾಗೇ ಅಂದ್ಕೊಂಡಿದ್ದೆ. ಅವಳು ಹಾಲು ತಂದರೆ ಮುಖ ತಿರುಗಿಸಿದೆ. ಆ ರಿಂಗು ಸುಳ್ಳು ಅಂತ ಇವತ್ತು ನನ್ನ ಹುಡುಗ ಹೇಳಿದ ಮೇಲೆ ಗೊತ್ತಾಯ್ತು. ನಿಮಗೆ ಗೊತ್ತಿತ್ತಲ್ಲ ಸ್ವಾಮಿ? ಗೊತ್ತಿದ್ದೂ ಅವಳ ನಗು ಎಲ್ಲರಿಗೂ ಕೇಳಿಸ್ತಾ ಕೂತಿದ್ದಿರಲ್ಲ. ನನ್ನ ಮನೆಯೊಳಗೆ ಯಾಕೆ ಕೈ ಹಾಕಿದಿರಿ?"

ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸೋಕೆ ಅದರಲ್ಲಿ ಏನೂ ಇರಲಿಲ್ಲ.

ಕಾರಿಡಾರಿನ ಬೆಂಚಿನ ಮೇಲೆ ಅವಳು ನನ್ನ ಮುಖ ಹಿಡಿದು ನೋಡಿದಳು, ಎಡಗೈಯಲ್ಲಿ. ನಾನು ಅಳಲಿಲ್ಲ. ಸಿಟ್ಟಿನಲ್ಲಿ ಹಲ್ಲು ಕಚ್ಚಿಕೊಂಡಿದ್ದೆ, ಅಷ್ಟೇ. ನಾವು ಮೂವರೂ ಒಬ್ಬರನ್ನೊಬ್ಬರು ತಿಂದುಹಾಕ್ತಾ ಕೂತಿದ್ವಿ, ಆ ಮನುಷ್ಯ ಅಷ್ಟೂ ದಿನ ಹೊತ್ತುಹೊತ್ತಿಗೆ ಊಟ ಮಾಡಿ ಮಲಗಿದ್ದಾನೆ.

ನ್ಯಾಯಾಧೀಶೆ ಆ ವರದಿಯನ್ನ ತಿರಸ್ಕರಿಸಿದ್ದಾರೆ. ಪರೀಕ್ಷೆ ಸರಿಯಾಗಿ ನಡೆಯೋವರೆಗೆ ಗುಡ್ಡದ ಕಡೆಯ ಕರೆಗಳು ಹಳೆ ಲೈನಿನಲ್ಲೇ ಬರಬೇಕು ಅಂದಿದ್ದಾರೆ. ನಾನು ಜುಲೈನಿಂದ ಮೇಜಿಗೆ ವಾಪಸ್ಸು. ನಿಮ್ಮ ಮ್ಯಾನೇಜರಿಗೆ ಇನ್ನೂ ದೊಡ್ಡ ಊರಿಗೆ ವರ್ಗವಂತೆ. ಬಡ್ತಿಯೋ ಶಿಕ್ಷೆಯೋ ಯಾರೂ ಬಾಯಿ ಬಿಡಲ್ಲ.

ಬಂದು ಅವಳನ್ನ ನೋಡ್ಕೊಂಡು ಹೋಗು. ನಾನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಬಾ.

ಅಕ್ಕ


ಜೂನ್ 18

ಅಕ್ಕಾ,

ನೀನು ಹೇಳಿದ ಹೊತ್ತಿಗೇ ಬಂದು ಹೋದೆ. ಚಿಕ್ಕಮ್ಮ ಹೇಳಿರಬೇಕು. ಎಡಗೈಯಲ್ಲಿ ಬಟ್ಟೆ ಮೇಲೆ ಗೆರೆ ಎಳೆದು, ಕತ್ತರಿ ನನ್ನ ಕೈಗೆ ಕೊಟ್ಟು, ಕತ್ತರಿಸು ಅಂದಳು. ರವಿಕೆಯ ತೋಳು ಕೆಡಿಸಿದೆ. ಅವಳು ಬೈದಿದ್ದರಲ್ಲಿ ಒಂದು ಅಕ್ಷರವೂ ತೊದಲಲಿಲ್ಲ.

ಕಂಪನಿ ನನ್ನನ್ನ ಕೆಲಸದಿಂದ ತೆಗೆದಿದೆ. ಗುಟ್ಟಿನ ಮಾಹಿತಿ ಹೊರಗೆ ಹಾಕಿದ ಆರೋಪ. ನಿನ್ನ ಧ್ವನಿಮುದ್ರಿಕೆಯನ್ನ ಹೊರಗೆ ಹಾಕಿದವರು ಈ ಆರೋಪ ಹೊರಿಸ್ತಿದ್ದಾರೆ. ಬಿಡು.

ನಿಮ್ಮ ಇಲಾಖೆಯವರು ಹೇಳಿಕಳಿಸಿದ್ದರು. ಹೋಗಿ, ನಡುವಿನ ಪೆಟ್ಟಿಗೆಗಳನ್ನೆಲ್ಲ ಹಾದು, 'ಇದ್ದೀಯಾ' ಪರೀಕ್ಷೆ ಸರಿಮಾಡಿದೆ. ಆಮೇಲೆ ಈಥರ್ನೆಟ್ ಲೈನಿಗೆ ಕರೆಗಳನ್ನ ತಂದು, ದಾರಿಯ ನಡುವೆ ನಾನೇ ಕೇಬಲ್ ಕಿತ್ತೆ. ಹತ್ತಿರದ ಪೆಟ್ಟಿಗೆಯ ದೀಪ ಹಸಿರಾಗೇ ಇತ್ತು, ಆದರೆ ಕರೆಗಳು ಕಣ್ಣು ಮಿಟುಕಿಸೋದರೊಳಗೆ ಹಳೆ ಲೈನಿಗೆ ಹೊರಳಿದವು, ನಿಮ್ಮ ಪರದೆಯಲ್ಲಿ ಕೆಂಪು ಬಂತು. ಪಕ್ಕದಲ್ಲಿದ್ದವರು ಚಪ್ಪಾಳೆ ತಟ್ಟಿದರು. ನನಗೆ ಅವರ ಮೇಲೂ ಸಿಟ್ಟು ಬಂತು. ಇಷ್ಟು ಸಣ್ಣ ಕೆಲಸ ಅಕ್ಕಾ. ಫೆಬ್ರವರಿಯಲ್ಲಿ ಮಾಡಬಹುದಾಗಿದ್ದ ಇಷ್ಟು ಸಣ್ಣ ಕೆಲಸ.

ಮುಂದೇನು ಅಂತ ಗೊತ್ತಿಲ್ಲ. ಈ ಕೆಲಸ ಬಿಟ್ಟು ಬೇರೆ ಬರಲ್ಲ ನನಗೆ.

ಕಡ್ಡಿ


ಜುಲೈ 9

ಕಡ್ಡಿಗೆ,

ಮೇಜಿಗೆ ವಾಪಸ್ಸು ಬಂದು ವಾರವಾಯ್ತು. ಲೈನು ಚೆನ್ನಾಗಿದೆ. ಆಂಬುಲೆನ್ಸುಗಳು ನಕ್ಷೆ ಮೇಲೆ ಕಾಣ್ತವೆ. ಅದೇನೋ ಒಪ್ಪಬೇಕಾದ ಮಾತು, ಒಪ್ಪಿದ್ದೀನಿ.

ಗುಡ್ಡದ ಕಡೆಯಿಂದ ಈಗ ಒಂದು ಹೊಸ ಥರದ ಕರೆ ಬರುತ್ತೆ. ಯಾರಿಗೂ ಏನೂ ಆಗಿರಲ್ಲ. ಸುಮ್ಮನೆ ಮಾಡ್ತಾರೆ. ಇಂಥವರನ್ನ ಗದರಿಸಿ ಇಡಬೇಕು ಅಂತ ನಮ್ಮ ನಿಯಮ, ತುರ್ತು ಕರೆಗಳಿಗೆ ಅಡ್ಡಿ ಅಂತ. ಮೇಲಿನವರು ಮತ್ತೆ ಸುತ್ತೋಲೆ ಕಳಿಸಿದ್ದಾರೆ. ನನ್ನ ಹುಡುಗಿಯರಿಗೆ ಅದನ್ನ ನಾನು ಓದಿ ಹೇಳಿಲ್ಲ. ಯಾಕೆ ಅಂತ ಮೇಲಿನವರು ಕೇಳಿದರೆ ಕೇಳಲಿ.

ನಿನ್ನೆ ಒಬ್ಬ ಯಜಮಾನರು ಮಾಡಿದ್ದರು. ವಯಸ್ಸಾದ ದನಿ.

"ಏನೂ ಆಗಿಲ್ಲಮ್ಮ. ಎತ್ತುತ್ತೀರಾ ಅಂತ ನೋಡಿದೆ."

"ಎತ್ತುತ್ತೀವಿ ಅಪ್ಪಾ" ಅಂದೆ.

ಆಮೇಲೆ, "ಹೋದ ಸಲ ಎತ್ತಲಿಲ್ಲ" ಅಂದರು.

ಬೈಗುಳವಾಗಿರಲಿಲ್ಲ ಅದು. ಬೈದಿದ್ದರೆ ನನಗೂ ಉತ್ತರ ಸಿಗ್ತಿತ್ತು. ಹೋದ ಸಲ ಯಾರಿಗಾಗಿ ಮಾಡಿದ್ದಿರಿ ಅಂತ ಕೇಳೋಕೆ ಬಾಯಿ ಬರಲಿಲ್ಲ. ಅವರೂ ಹೇಳಲಿಲ್ಲ. ಅವರಾಗಿ ಇಡೋವರೆಗೆ ನಾನು ಫೋನ್ ಇಡಲಿಲ್ಲ.

ಅಕ್ಕ